ಚಾವಣಿ, ಹಳ್ಳ, ಕೊಟ್ಟಿಗೆ: ಹಾಸನ, ಚಿಕ್ಕಮಗಳೂರಿನಲ್ಲಿ ಯಾವುದಕ್ಕೆ ಯಾರ ಬಾಗಿಲು ತಟ್ಟಬೇಕು?

ನಮ್ಮ ಮನೆ ಬೇಲೂರು ತಾಲೂಕಿನಲ್ಲಿ. ಅಮ್ಮನ ತವರು ಮೂಡಿಗೆರೆ ಕಡೆ. ಮಳೆ ಹಿಡಿದರೆ ಎರಡೂ ಕಡೆ ಒಂದೇ ಕಥೆ. ಗಾಳಿಗೆ ಮರ ಬೀಳುತ್ತದೆ, ಲೈನ್ ಹರಿಯುತ್ತದೆ, ಕರೆಂಟ್ ಬರುವ ಹೊತ್ತಿಗೆ ಮೂರು ದಿನ ಆಗಿರುತ್ತದೆ. ಇಂಥ ಒಂದು ಜುಲೈ ಕಳೆದ ಮೇಲೆ ನಾವು ಎರಡೂ ಮನೆಯವರು ನಮ್ಮದೇ ಕರೆಂಟ್ ಮಾಡಿಕೊಳ್ಳೋಣ ಅಂತ ಹೊರಟೆವು. ಮೊದಲ ಎರಡು ತಿಂಗಳು ಬರೀ ಅಲೆದಾಟ. ಸೋಲಾರ್‌ಗೆ ಅಂತ ಹೋದ ಕಡೆ ಇದು ನಮ್ಮದಲ್ಲ ಅಂದರು. ಗೋಬರ್ ಗ್ಯಾಸ್‌ಗೆ ಅಂತ ಹೋದ ಕಡೆ ಬೇರೆ ಇಲಾಖೆಯ ಹೆಸರು ಹೇಳಿದರು.

ತಪ್ಪು ನಮ್ಮದೇ ಆಗಿತ್ತು. "ಸಬ್ಸಿಡಿ ಯಾರು ಕೊಡ್ತಾರೆ?" ಅಂತ ಶುರು ಮಾಡಿದ್ದೆವು. ನಮ್ಮ ಜಾಗದಲ್ಲಿ ಏನಿದೆ ಅಂತ ಮೊದಲು ನೋಡಿಕೊಂಡಿದ್ದರೆ ಯಾವ ಕಚೇರಿ ಅನ್ನೋದು ತಾನಾಗಿಯೇ ಗೊತ್ತಾಗುತ್ತಿತ್ತು. ಬಿಸಿಲು ಬೀಳುವ ಚಾವಣಿಗೆ ಒಂದು ಸಂಸ್ಥೆ, ಹರಿಯುವ ಹಳ್ಳಕ್ಕೆ ಇನ್ನೊಂದು, ಸೆಗಣಿಗೆ ಮತ್ತೊಂದು. ಅದಕ್ಕೇ ಈ ಲೇಖನದ ಹೆಜ್ಜೆಗಳು ನಿಮ್ಮ ಅಂಗಳದಿಂದಲೇ ಶುರುವಾಗುತ್ತವೆ.

ಹೆಜ್ಜೆ 1: ಮನೆ ಸುತ್ತ ಒಂದು ಸುತ್ತು ಹಾಕಿ

ಒಂದು ನೋಟ್ ಪುಸ್ತಕ ಹಿಡಿದುಕೊಳ್ಳಿ. ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ ಹುಡುಕಿ, ತಿಂಗಳಿಗೆ ಎಷ್ಟು ಯೂನಿಟ್ ಆಗಿದೆ ಅಂತ ಬರೆಯಿರಿ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್, ಮಂಜೂರಾದ ಲೋಡ್ ಎಷ್ಟು ಕಿಲೋವಾಟ್, ಮೀಟರ್ ಯಾರ ಹೆಸರಿನಲ್ಲಿದೆ, ಇವನ್ನೂ ಬರೆಯಿರಿ. ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ನಮ್ಮಲ್ಲಿ ಅರ್ಧ ಮನೆಗಳ ಅರ್ಜಿ ಇದೊಂದೇ ಕಾರಣಕ್ಕೆ ಕೂತುಬಿಡುತ್ತದೆ.

ಆಮೇಲೆ ಚಾವಣಿ ಹತ್ತಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ, ಮೂರು ಸಲ ಹತ್ತಬೇಕು. ನಮ್ಮ ಮನೆಯ ತಾರಸಿ ಮಧ್ಯಾಹ್ನ ನೋಡಿದರೆ ಪೂರ್ತಿ ಬಿಸಿಲು. ಮೂರು ಗಂಟೆಗೆ ನೋಡಿದರೆ ಪಕ್ಕದ ತೋಟದ ಎರಡು ಸಿಲ್ವರ್ ಓಕ್ ಮರಗಳ ನೆರಳು ಅರ್ಧ ತಾರಸಿಯನ್ನು ನುಂಗಿರುತ್ತಿತ್ತು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದ ಪ್ಯಾನೆಲ್‌ಗಳ ಉತ್ಪಾದನೆಯೂ ಇಳಿಯಬಹುದು. ಬಿಸಿಲು ಬೀಳುವ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಒಂದು ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ಅದರಿಂದ ಸುಮಾರು 4 ಯೂನಿಟ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಅದರ ಆಸೆ ಬಿಡಿ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯವರಿಗೆ ಈ ಚಿಂತೆ ಕಡಿಮೆ.

ಕೊಟ್ಟಿಗೆಯಲ್ಲಿ ಎಷ್ಟು ದನ, ತೋಟದಲ್ಲಿ ವರ್ಷಪೂರ್ತಿ ಹರಿಯುವ ಹಳ್ಳ ಇದೆಯಾ, ಬೇಲಿಯಲ್ಲಿ ಹೊಂಗೆ ಮರ ಎಷ್ಟಿವೆ, ಇವೂ ಪುಸ್ತಕಕ್ಕೆ ಹೋಗಲಿ.

ಹೆಜ್ಜೆ 2: ನಿಮ್ಮ ಕಂಪನಿ ಯಾವುದು ಅಂತ ತಿಳಿದುಕೊಳ್ಳಿ

ಹಾಸನ ಜಿಲ್ಲೆಗೆ ಕರೆಂಟ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಅದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಸೇರಿದ್ದು. ಅದರ ಕೇಂದ್ರ ಕಚೇರಿ ಮಂಗಳೂರು. ಬೇಲೂರಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ, ಆದರೆ ಅರ್ಜಿಯ ಮಟ್ಟಿಗೆ ಅದು ಬೇರೆಯೇ ರಾಜ್ಯ ಇದ್ದ ಹಾಗೆ. ಗಡಿ ಊರಿನವರು ಬಿಲ್ ಮೇಲಿನ ಹೆಸರನ್ನೇ ನಂಬಿ.

ಇನ್ನು ಇಡೀ ರಾಜ್ಯಕ್ಕೆ ಸೇರಿದ ಎರಡು ಹೆಸರು ನೆನಪಿರಲಿ. ಒಂದು ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. 1996ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಬೆಂಗಳೂರಿನಲ್ಲಿದೆ. ಗಾಳಿ, ಬಿಸಿಲು, ಸಣ್ಣ ಜಲವಿದ್ಯುತ್ ಯೋಜನೆಗಳಿಗೆ ರಾಜ್ಯದ ನೋಡಲ್ ಸಂಸ್ಥೆ, ಅಂದರೆ ಎಲ್ಲ ಕೆಲಸ ಹೊಂದಿಸುವ ಮುಖ್ಯ ಸಂಸ್ಥೆ, ಇದೇ. ಇನ್ನೊಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನೀವು ಕಂಪನಿಗೆ ಮಾರುವ ಯೂನಿಟ್‌ಗೆ ಎಷ್ಟು ದರ ಅನ್ನೋದನ್ನು ನಿಗದಿ ಮಾಡುವುದು ಈ ಆಯೋಗ. ನಿಮಗೆ ಅದರ ಹತ್ತಿರ ನೇರ ಕೆಲಸ ಇರುವುದಿಲ್ಲ. ಆದರೆ ಏಜೆಂಟ್ ಒಬ್ಬ "ಯೂನಿಟ್‌ಗೆ ಇಷ್ಟು ಕೊಡಿಸ್ತೀನಿ" ಅಂದರೆ ಆಯೋಗದ ಆದೇಶ ತೋರಿಸಿ ಅಂತ ಕೇಳಬಹುದು.

ಹೆಜ್ಜೆ 3: ಚಾವಣಿ ಇದ್ದವರಿಗೆ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಚಾವಣಿ ಸೋಲಾರ್ ಹಾಕಿಸುವ ಮನೆಗಳಿಗೆ ಸಿಗುವ ದೊಡ್ಡ ನೆರವು. ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೇ ಕಿಲೋವಾಟ್‌ಗೆ 18,000 ರೂಪಾಯಿ. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ ಅಷ್ಟೇ.

ದುಡ್ಡಿನ ಲೆಕ್ಕವನ್ನು ಇಲ್ಲಿಯೇ ಮಾಡಿಕೊಳ್ಳಿ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ, ತಿಂಗಳಿಗೆ 60, 70 ಯೂನಿಟ್ ಮಾತ್ರ ಖರ್ಚಾಗುತ್ತಿದ್ದರೆ, ಸಾಲ ಮಾಡಿ ಚಾವಣಿ ಮೇಲೆ ಪ್ಯಾನೆಲ್ ಹಾಕಿಸುವ ಅವಸರ ಬೇಡ. ಇದನ್ನು ಯಾವ ಮಾರಾಟಗಾರನೂ ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. 200 ಯೂನಿಟ್ ದಾಟುವ ಮನೆಯವರಿಗೆ, ಗೀಸರ್, ಪಂಪು, ಫ್ರಿಜ್ಜು ಎಲ್ಲ ಇರುವವರಿಗೆ ಇದು ನಿಜಕ್ಕೂ ಲಾಭ. ಹೋಂಸ್ಟೇ ನಡೆಸುವವರು ಒಂದು ವಿಷಯ ಗಮನಿಸಿ. ಈ ಸಬ್ಸಿಡಿ ಇರುವುದು ಗೃಹ ಬಳಕೆಯ ಸಂಪರ್ಕಕ್ಕೆ. ನಿಮ್ಮ ಮೀಟರ್ ವಾಣಿಜ್ಯ ದರದ್ದಾದರೆ ಸಿಗುವುದಿಲ್ಲ.

ಅರ್ಜಿ ಹೀಗೆ ಸಾಗುತ್ತದೆ. ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಹಾಕಿ ನೋಂದಣಿ ಮಾಡಿ. ನಿಮ್ಮ ಕಂಪನಿ ಮತ್ತು ಗ್ರಾಹಕರ ಸಂಖ್ಯೆ ಕೊಡಿ. 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಅಂತ ಕಾಯಿಸುವಂತಿಲ್ಲ ಅಂತ 2024ರಲ್ಲೇ ನಿಯಮ ಬದಲಾಗಿದೆ. ಪೋರ್ಟಲ್‌ನಲ್ಲಿ ನೋಂದಣಿಯಾದ ಮಾರಾಟಗಾರರ ಪಟ್ಟಿ ಇರುತ್ತದೆ. ಅದರಲ್ಲಿ ಮೂವರ ಹತ್ತಿರ ದರ ಬರೆಸಿಕೊಳ್ಳಿ. ಪ್ಯಾನೆಲ್‌ಗಳು ದೇಶದಲ್ಲೇ ತಯಾರಾದ ಸೆಲ್‌ಗಳವಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಹಾಕಿದ ಮೇಲೆ ನೆಟ್ ಮೀಟರ್‌ಗೆ (ನೀವು ಲೈನಿನಿಂದ ತೆಗೆದುಕೊಂಡದ್ದು, ಲೈನಿಗೆ ಕೊಟ್ಟದ್ದು ಎರಡನ್ನೂ ಅಳೆಯುವ ಮೀಟರ್) ಅರ್ಜಿ, ಕಂಪನಿಯವರ ಪರಿಶೀಲನೆ, ವ್ಯವಸ್ಥೆ ಓಡಲು ಶುರುವಾಯಿತು ಅನ್ನುವ ಕಮಿಷನಿಂಗ್ ವರದಿ. ಆಮೇಲೆ ನೀವು ಬ್ಯಾಂಕ್ ವಿವರ ಕೊಟ್ಟರೆ ಸಬ್ಸಿಡಿ ನೇರ ನಿಮ್ಮ ಖಾತೆಗೆ ಬರುತ್ತದೆ.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಸಬ್ಸಿಡಿ ಬರುವುದು ನಿಮ್ಮ ಖಾತೆಗೆ. ನಮ್ಮ ಮನೆಗೆ ಹಾಕಿದವರು ಪೂರ್ತಿ ಹಣ ತೆಗೆದುಕೊಂಡು ನೆಟ್ ಮೀಟರ್ ಕಾಗದ ಸಲ್ಲಿಸದೆ ನಾಲ್ಕು ತಿಂಗಳು ಸುಮ್ನೆ ಇದ್ದರು. ಪ್ಯಾನೆಲ್ ತಾರಸಿ ಮೇಲೆ ಹೊಳೆಯುತ್ತಾ ಕೂತಿತ್ತು, ಮೀಟರ್ ಹಳೆಯದೇ ಓಡುತ್ತಿತ್ತು. ಅದಕ್ಕೇ ಒಪ್ಪಂದದಲ್ಲಿ ಬರೆಸಿ: ನೆಟ್ ಮೀಟರ್ ಓಡಲು ಶುರುವಾದ ಮೇಲೆ ಕೊನೆಯ ಕಂತು. ಐದು ವರ್ಷದ ನಿರ್ವಹಣೆ ಮಾರಾಟಗಾರನ ಹೊಣೆ, ಅದೂ ಕಾಗದದ ಮೇಲೆ ಇರಲಿ.

ಮಲೆನಾಡಿನವರು ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದಿದೆ: "ಕರೆಂಟ್ ಹೋದಾಗ ಇದು ಓಡುತ್ತಾ?" ಸಾಮಾನ್ಯ ನೆಟ್ ಮೀಟರ್ ವ್ಯವಸ್ಥೆ ಓಡುವುದಿಲ್ಲ. ಲೈನ್ ಸತ್ತಾಗ ನಿಮ್ಮ ಇನ್ವರ್ಟರ್ ಕೂಡ ತಾನೇ ನಿಲ್ಲುತ್ತದೆ. ನಿಲ್ಲಲೇಬೇಕು. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಚಾವಣಿಯ ಕರೆಂಟ್ ಹೊಡೆಯಬಾರದು ಅಲ್ವಾ. ಮೂರು ದಿನದ ಕತ್ತಲೆಗೆ ಪರಿಹಾರ ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಬೆಲೆ ಜಾಸ್ತಿ. ನಾವು ಇದನ್ನು ಕೇಳದೆ ಹಾಕಿಸಿ, ಮೊದಲ ಮಳೆಗಾಲದಲ್ಲಿ ಮತ್ತೆ ಮೇಣದಬತ್ತಿ ಹುಡುಕಿದೆವು.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಇಳಿಜಾರು ಹದಿನೈದು ಡಿಗ್ರಿಯಷ್ಟಾದರೂ ಇದ್ದರೆ ಮಳೆ ನೀರು ನಿಲ್ಲುವುದಿಲ್ಲ, ಅಂಚಿನಲ್ಲಿ ಪಾಚಿ ಕಟ್ಟುವುದೂ ಕಡಿಮೆ. ಸಿಡಿಲಿನ ಊರು ನಮ್ಮದು. ಮಿಂಚು ತಡೆ ಮತ್ತು ಅರ್ಥಿಂಗ್‌ನಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ. ಹೆಂಚಿನ ಮನೆಯವರು ಹೆಂಚಿನ ಮೇಲೆ ಭಾರ ಕೂರಿಸದೆ ಕೆಳಗಿನ ತೊಲೆಗೇ ಬಿಗಿಯುವಂತೆ ಹೇಳಿ. ಅಂಗಳದಲ್ಲಿ ಕಾಫಿ ಕಣ ಇದ್ದರೆ ಅದರ ಪಕ್ಕದ ಶೆಡ್ಡಿನ ಮೇಲೆ ಹಾಕುವುದು ಎಷ್ಟೋ ಸಲ ಸುಲಭ.

ಹೆಜ್ಜೆ 4: ಪಂಪ್‌ಸೆಟ್‌ಗೆ

ರೈತರ ಪಂಪ್‌ಸೆಟ್‌ಗೆ ಸೋಲಾರ್ ಕೊಡುವ ಕೇಂದ್ರದ ಕುಸುಮ್ ಯೋಜನೆ 2019ರದ್ದು. ಅದರಲ್ಲಿ ರೈತರು ನೇರವಾಗಿ ಅರ್ಜಿ ಹಾಕುವುದು ಬಿ ಭಾಗಕ್ಕೆ: ಲೈನ್ ಇಲ್ಲದ ಜಮೀನಿಗೆ ಸೋಲಾರ್ ಪಂಪ್. ಕೇಂದ್ರ 30, ರಾಜ್ಯ 50, ರೈತರು 20 ಪರ್ಸೆಂಟ್ ಅನ್ನೋದು ಕರ್ನಾಟಕದ ಲೆಕ್ಕ. ಅರ್ಜಿ ಕ್ರೆಡಲ್‌ನ ಸೌರ ಮಿತ್ರ ಪೋರ್ಟಲ್‌ನಲ್ಲಿ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸಿದ್ಧ ಇಟ್ಟುಕೊಳ್ಳಿ. ಇಂಥ ಯೋಜನೆಗಳು ಹಂತ ಹಂತವಾಗಿ ಬರುತ್ತವೆ. ಹೊಸ ಅರ್ಜಿ ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಕೇಳಿ, ಆಮೇಲೆ ಬೋರ್ ಕೊರೆಸುವ ಮಾತಾಡಿ.

ಈಗಾಗಲೇ ಲೈನ್ ಇರುವ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತವೇ ಇದೆ. ಅಂಥವರು ಸೋಲಾರ್ ಪಂಪ್ ಬಯಸುವುದು ದುಡ್ಡು ಉಳಿಸಲು ಅಲ್ಲ, ಹಗಲು ಹೊತ್ತು ನೀರು ಬಿಡಲು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದು ಆಲೂರು, ಸಕಲೇಶಪುರದ ಆನೆ ಓಡಾಡುವ ಊರುಗಳಲ್ಲಿ ಜೀವದ ಪ್ರಶ್ನೆ. ಇದಕ್ಕೆ ಇರುವುದು ಕುಸುಮ್‌ನ ಸಿ ಭಾಗ. ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ ಕೃಷಿ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಹಗಲಲ್ಲೇ ಕರೆಂಟ್ ಕೊಡುವುದು. ಇದಕ್ಕೆ ನೀವು ಒಬ್ಬೊಬ್ಬರೇ ಅರ್ಜಿ ಹಾಕುವ ಹಾಗಿಲ್ಲ. ಪಂಚಾಯಿತಿಯಿಂದ ನಿರ್ಣಯ ಮಾಡಿಸಿ, ನಮ್ಮ ಫೀಡರ್ ಪಟ್ಟಿಯಲ್ಲಿ ಇದೆಯಾ ಅಂತ ಕಂಪನಿಯ ಕಾರ್ಯಪಾಲಕ ಇಂಜಿನಿಯರ್‌ಗೆ ಲಿಖಿತವಾಗಿ ಕೇಳಿ.

ಹೆಜ್ಜೆ 5: ಹಳ್ಳ ಇದ್ದವರಿಗೆ

ಇದು ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ತೋಟಗಳಲ್ಲಿ ಗುಡ್ಡದಿಂದ ಇಳಿಯುವ ಸಣ್ಣ ಹಳ್ಳಗಳಿವೆ. ಅದರಲ್ಲಿ ಒಂದು ಕಿಲೋವಾಟ್ ಆಸುಪಾಸಿನ ಕರೆಂಟ್ ಮಾಡುವ ಪುಟ್ಟ ಯಂತ್ರಕ್ಕೆ ಪಿಕೋ ಹೈಡ್ರೋ ಅನ್ನುತ್ತಾರೆ. ಒಂದು ಕಿಲೋವಾಟ್ ಸೋಲಾರ್ ಒಳ್ಳೆಯ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಒಂದು ಕಿಲೋವಾಟ್ ಪಿಕೋ ಹೈಡ್ರೋ ರಾತ್ರಿ ಹಗಲು ಓಡಿ ದಿನಕ್ಕೆ 24 ಯೂನಿಟ್ ಕೊಡುತ್ತದೆ. ಅದಕ್ಕಿಂತ ದೊಡ್ಡ ಮಾತು ಅಂದರೆ, ಬಿಸಿಲು ಇಲ್ಲದ, ಲೈನ್ ಹರಿಯುವ ಜುಲೈ ತಿಂಗಳಲ್ಲೇ ಹಳ್ಳ ತುಂಬಿರುತ್ತದೆ.

ಯಾರಿಗೂ ಫೋನ್ ಮಾಡುವ ಮೊದಲು ಹಳ್ಳವನ್ನು ಅಳೆಯಿರಿ. ನಾವು ಮಾಡಿದ್ದು ಹೀಗೆ. ಮಾವ ಹಳ್ಳದ ಇಕ್ಕಟ್ಟಾದ ಕಡೆ ಕಲ್ಲು, ಮಣ್ಣು, ಬಾಳೆ ದಿಂಡು ಇಟ್ಟು ತಡೆ ಕಟ್ಟಿದರು. ನೀರೆಲ್ಲ ಒಂದು ಪಿವಿಸಿ ಪೈಪಿನಲ್ಲಿ ಬೀಳುವ ಹಾಗೆ ಮಾಡಿದರು. ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದೆವು. ನಾನು ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸಿದೆ. ಐದು ಸೆಕೆಂಡಿಗೆ ಬಕೆಟ್ ತುಂಬಿತು. ಅಂದರೆ ಸೆಕೆಂಡಿಗೆ 4 ಲೀಟರ್. ಕೈ ನಡುಗಿ ತಪ್ಪಿರಬಹುದು ಅಂತ ಐದು ಸಲ ಮಾಡಿ ಸರಾಸರಿ ತೆಗೆದೆವು. ಆಮೇಲೆ ಎತ್ತರ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಟ್ಯೂಬ್ ತಂದು, ತಡೆ ಕಟ್ಟಿದ ಜಾಗದಿಂದ ಕೆಳಗಿನ ಗದ್ದೆಯವರೆಗೆ ಆಳೆತ್ತರ ಆಳೆತ್ತರವಾಗಿ ಇಳಿಯುತ್ತಾ ಬಂದೆವು. ಜಿಗಣೆ ಕಾಲಿಗೆ ಹತ್ತಿದ್ದು ಲೆಕ್ಕವಿಲ್ಲ. ಒಟ್ಟು ಇಳಿತ 50 ಮೀಟರ್ ಬಂತು.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಇಳಿತ, ಎರಡನ್ನೂ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿ. ಸರಿಸುಮಾರು ಅಷ್ಟು ವಾಟ್ ಸಿಗುತ್ತದೆ. ನಮ್ಮದು 4, 50, 5 ಗುಣಿಸಿದರೆ 1,000 ವಾಟ್. ನೀರಿನ ಬಲದ ಪೂರ್ತಿ ಲೆಕ್ಕದಲ್ಲಿ 9.8ರಿಂದ ಗುಣಿಸಬೇಕು. ಪೈಪು, ಯಂತ್ರ, ವೈರಿನಲ್ಲಿ ಅರ್ಧದಷ್ಟು ಕಳೆದುಹೋಗುತ್ತದೆ ಅಂತ ಹಿಡಿದು 5 ಇಟ್ಟುಕೊಳ್ಳುವುದು.

ನಾವು ಅಳೆದದ್ದು ಆಗಸ್ಟ್‌ನಲ್ಲಿ. ಅದೇ ಜಾಗದಲ್ಲಿ ಮಾರ್ಚ್‌ನಲ್ಲಿ ಮತ್ತೆ ಬಕೆಟ್ ಹಿಡಿದರೆ ತುಂಬಲು ಮುಕ್ಕಾಲು ನಿಮಿಷ ಆಯಿತು. ಹಾಗಾಗಿ ಒಂದೇ ಸಲ ಅಳೆದು ಯಂತ್ರ ಕೊಳ್ಳಬೇಡಿ. ಆಗಸ್ಟ್, ಡಿಸೆಂಬರ್, ಮಾರ್ಚ್, ಕನಿಷ್ಠ ಮೂರು ಸಲ ಅಳೆದು ಬರೆದಿಡಿ. ಕ್ರೆಡಲ್ ಈ ಹಿಂದೆ ಮಲೆನಾಡಿನ ಜಿಲ್ಲೆಗಳಲ್ಲಿ ಪಿಕೋ ಹೈಡ್ರೋಗೆ ನೆರವು ಕೊಟ್ಟಿದೆ. ಈಗ ಯಾವ ನೆರವು ತೆರೆದಿದೆ ಅಂತ ಅಲ್ಲಿಯೇ ಕೇಳಿ. ಬರೀ "ನಮ್ಮಲ್ಲಿ ಹಳ್ಳ ಇದೆ" ಅಂತ ಹೋಗುವವರಿಗಿಂತ, ಮೂರು ತಿಂಗಳ ಅಳತೆ ಹಿಡಿದು ಹೋಗುವವರಿಗೆ ಸಿಗುವ ಉತ್ತರವೇ ಬೇರೆ.

ಎರಡು ನಿಯಮ ನಾವೇ ಹಾಕಿಕೊಂಡೆವು, ನಿಮಗೂ ಹೇಳುತ್ತೇನೆ. ಹಳ್ಳದ ಪೂರ್ತಿ ನೀರನ್ನು ಪೈಪಿಗೆ ಹಾಕಬಾರದು. ಮೀನು, ಕಪ್ಪೆ, ಏಡಿಗೂ ಅದೇ ಹಳ್ಳ. ಯಂತ್ರದಿಂದ ಹೊರಬಂದ ನೀರು ಕೆಳಗಿನ ಮನೆಯವರ ಗದ್ದೆಗೆ ಮೊದಲಿನಂತೆಯೇ ಸೇರಬೇಕು. ಮೇಲ್ಭಾಗ ಕಾಡಿಗೆ ಸೇರಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಕಲ್ಲೂ ಎತ್ತಬಾರದು. ನೀರಿನಿಂದ ಬಂದ ಕರೆಂಟ್ ಅಂದಾಕ್ಷಣ ಅದು ಒಳ್ಳೆಯದೇ ಅಂತ ಅಲ್ಲ. ಸಕಲೇಶಪುರ ಭಾಗದ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದು ಅಂತ ಮಾಧವ ಗಾಡ್ಗೀಳ್ ಅವರ ಪಶ್ಚಿಮ ಘಟ್ಟ ಸಮಿತಿ 2011ರಲ್ಲಿ ಶಿಫಾರಸು ಮಾಡಿತ್ತು. ಬಕೆಟ್‌ನಲ್ಲಿ ಅಳೆಯಬಹುದಾದ ಹಳ್ಳಕ್ಕೂ ಕಣಿವೆ ಮುಳುಗಿಸುವ ಅಣೆಕಟ್ಟಿಗೂ ಇರುವ ವ್ಯತ್ಯಾಸ ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹೆಜ್ಜೆ 6: ಕೊಟ್ಟಿಗೆ ಇದ್ದವರಿಗೆ

ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರಕ್ಕೂ ಸೇರಿದ್ದು. ಇಷ್ಟು ಹಾಲು ಕರೆಯುವ ನಾಡಿನಲ್ಲಿ ಸೆಗಣಿಗೆ ಬರವಿಲ್ಲ. ಒಂದು ದನಕ್ಕೆ ದಿನಕ್ಕೆ ಸುಮಾರು 10 ಕಿಲೋ ಸೆಗಣಿ ಅಂತ ಹಿಡಿಯಿರಿ. 2 ಘನ ಮೀಟರ್‌ನ ದೀನಬಂಧು ಮಾದರಿ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಬೇಕು. ಅಂದರೆ ನಾಲ್ಕೈದು ದನ. ನಾಲ್ಕೈದು ಜನರ ಅಡುಗೆಗೆ ಅಷ್ಟು ಸಾಕು. ಸೆಗಣಿಗೆ ಅಷ್ಟೇ ನೀರು ಸೇರಿಸಿ ಕಲಸಿ ಹಾಕಬೇಕು. ಮೊದಲ ಸಲ ತುಂಬಿದ ಮೇಲೆ ಗ್ಯಾಸ್ ಬರಲು ಎರಡು ಮೂರು ವಾರ ಬೇಕು. ಡಿಸೆಂಬರ್ ಚಳಿಯಲ್ಲಿ ಒಲೆ ಮಂಕಾಗುತ್ತದೆ. ಹೆದರಬೇಡಿ, ಚಳಿಗೆ ಒಳಗಿನ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ, ಅಷ್ಟೇ.

ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಗೋಬರ್ ಗ್ಯಾಸ್‌ಗೆ ಕೊಡುವ ನೆರವು ರಾಜ್ಯದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ದಾರಿಯಲ್ಲಿ ಬರುತ್ತದೆ. ಆದ್ದರಿಂದ ನಿಮ್ಮ ಬಾಗಿಲು ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ, ಕೊನೆಗೆ ಜಿಲ್ಲಾ ಪಂಚಾಯಿತಿ. ವಿದ್ಯುತ್ ಕಂಪನಿಗೆ ಇದಕ್ಕೂ ಸಂಬಂಧ ಇಲ್ಲ. ತರಬೇತಿ ಬೇಕಿದ್ದರೆ ಅದೇ ಇಲಾಖೆಯ ಮಹಾತ್ಮ ಗಾಂಧಿ ಗ್ರಾಮೀಣ ಇಂಧನ ಮತ್ತು ಅಭಿವೃದ್ಧಿ ಸಂಸ್ಥೆ ಬೆಂಗಳೂರಿನ ಜಕ್ಕೂರಿನಲ್ಲಿದೆ. ಗುಂಡಿ ಕಟ್ಟುವ ಗಾರೆಯವರು ಮುಖ್ಯ. ಗುಮ್ಮಟದಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಗ್ಯಾಸ್ ಸೋರಿಹೋಗುತ್ತದೆ. ಹಿಂದೆ ಕಟ್ಟಿದ, ಹತ್ತು ವರ್ಷದಿಂದ ಉರಿಯುತ್ತಿರುವ ಗುಂಡಿ ನೋಡಿ, ಅದನ್ನು ಕಟ್ಟಿದವರನ್ನೇ ಕರೆಸಿ. ಹೊರಗೆ ಬರುವ ಸ್ಲರಿ ಕಾಫಿ, ಮೆಣಸಿನ ಬುಡಕ್ಕೆ ಚಿನ್ನ. ಗ್ಯಾಸ್‌ಗಿಂತ ಅದಕ್ಕೇ ಅಂತ ಗುಂಡಿ ಕಟ್ಟಿಸಿಕೊಂಡವರು ನಮ್ಮ ಕಡೆ ಇದ್ದಾರೆ.

ಹೆಜ್ಜೆ 7: ಬೇಲಿಯಲ್ಲಿ ಹೊಂಗೆ ಇದ್ದರೆ

ಹಾಸನ ಜಿಲ್ಲೆಗೇ ಸೇರಿದ ಒಂದು ವಿಶೇಷ ಜಾಗ ಇದೆ: ಮಡೆನೂರಿನ ಜೈವಿಕ ಇಂಧನ ಉದ್ಯಾನ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇದನ್ನು 2007ರಲ್ಲಿ ಶುರು ಮಾಡಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬದಂಥ ಎಣ್ಣೆ ಮರಗಳನ್ನು ಬೇಲಿ, ಬದು, ಪಾಳು ಜಾಗದಲ್ಲಿ ಬೆಳೆಸಿ, ಬೀಜದ ಎಣ್ಣೆಯಿಂದ ಡೀಸೆಲ್‌ಗೆ ಬದಲಿ ಇಂಧನ ಮಾಡುವುದು ಇಲ್ಲಿನ ಕೆಲಸ. ಊಟದ ಬೆಳೆಯ ಜಮೀನನ್ನು ಮುಟ್ಟಬಾರದು ಅನ್ನೋದು ಇದರ ಮೂಲ ನಿಯಮ, ನನಗೆ ಹಿಡಿಸಿದ್ದೂ ಅದೇ. ರಾಜ್ಯದ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ "ಬರಡು ಬಂಗಾರ", "ಹಸಿರು ಹೊನ್ನು" ಅಂತ ಕಾರ್ಯಕ್ರಮ ಮಾಡಿದ್ದು ಈ ಮರಗಳಿಗಾಗಿಯೇ.

ಎರಡು ಮರ ಇದ್ದವರಿಗೆ ಇದರಿಂದ ಶ್ರೀಮಂತಿಕೆ ಬರುವುದಿಲ್ಲ. ನಾಲ್ಕು ಕಿಲೋ ಬೀಜ ಹಿಂಡಿದರೆ ಸುಮಾರು ಒಂದು ಲೀಟರ್ ಎಣ್ಣೆ. ಮಹಿಳಾ ಸಂಘದವರು ಸೇರಿ ಊರಿನ ಬೀಜವನ್ನೆಲ್ಲ ಒಟ್ಟು ಮಾಡಿದರೆ ಮಾತ್ರ ಗಾಣದ ಖರ್ಚು ಗಿಟ್ಟುತ್ತದೆ. ಉಳಿದ ಹಿಂಡಿ ತೋಟಕ್ಕೆ ಗೊಬ್ಬರ. ಒಂದು ದಿನ ಹೋಗಿ ನೋಡಿ ಬನ್ನಿ, ಸಾಧ್ಯವಾದರೆ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹೆಜ್ಜೆ 8: ದುಡ್ಡು ಹೊಂದಿಸುವುದು

ಸಬ್ಸಿಡಿ ಬರುವುದು ಕೆಲಸ ಮುಗಿದ ಮೇಲೆ. ಅಲ್ಲಿಯವರೆಗೆ ಕೈಯಿಂದ ಹಾಕಬೇಕು. ಸೂರ್ಯಘರ್‌ಗೆ ಸರ್ಕಾರಿ ಬ್ಯಾಂಕ್‌ಗಳಲ್ಲಿ ಅಡಮಾನ ಇಲ್ಲದ ಸಾಲ ಇದೆ. ನಿಮ್ಮ ಉಳಿತಾಯ ಖಾತೆ ಇರುವ ಶಾಖೆಯಲ್ಲೇ ಮೊದಲು ಕೇಳಿ.

ಸರ್ಕಾರದ ಹೊರಗೆ ಎರಡು ಸಂಸ್ಥೆಗಳು ನಮ್ಮ ಸೀಮೆಗೆ ಹತ್ತಿರ. ಒಂದು, ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಸ್ವಸಹಾಯ ಸಂಘಗಳ ಮೂಲಕ ಸೋಲಾರ್ ದೀಪ, ಗೋಬರ್ ಗ್ಯಾಸ್‌ಗೆ ಸಣ್ಣ ಸಾಲ ಸಿಗುವಂತೆ ಮಾಡಿದ ಕೆಲಸಕ್ಕೆ 2012ರಲ್ಲಿ ಇದಕ್ಕೆ ಆಶ್ಡೆನ್ ಪ್ರಶಸ್ತಿ ಬಂತು. ನೀವು ಸಂಘದ ಸದಸ್ಯರಾಗಿದ್ದರೆ ವಾರದ ಸಭೆಯಲ್ಲೇ ವಿಷಯ ಎತ್ತಬಹುದು. ಇನ್ನೊಂದು, 1995ರಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೋ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರೂ ಸೋಲಾರ್ ಕೊಳ್ಳಬಲ್ಲರು, ಸಾಲದ ಕಂತು ಅವರ ದುಡಿಮೆಗೆ ಹೊಂದಬೇಕು ಅಷ್ಟೇ ಅನ್ನೋದು ಅವರ ದಾರಿ. ದಿನಾ ಕೂಲಿ ಪಡೆಯುವವರಿಗೆ ಒಂದು ಥರ, ಕಾಫಿ ಮಾರಿದ ಮೇಲೆ ವರ್ಷಕ್ಕೊಮ್ಮೆ ದುಡ್ಡು ನೋಡುವವರಿಗೆ ಇನ್ನೊಂದು ಥರ. ಹೊಲಿಗೆ ಯಂತ್ರ, ಹಾಲು ಕರೆಯುವ ಯಂತ್ರ, ರೊಟ್ಟಿ ಯಂತ್ರವನ್ನು ಸೋಲಾರ್‌ನಲ್ಲಿ ಓಡಿಸುವ ಯೋಚನೆ ಇದ್ದರೆ ಸೆಲ್ಕೋ ಫೌಂಡೇಷನ್‌ಗೆ ಬರೆಯಿರಿ.

ಯಾರ ಹತ್ತಿರ ಸಾಲ ಮಾಡಿದರೂ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳಿ ಅಂತ ಕೇಳಿ. ಕಂತಿನ ಮೊತ್ತವನ್ನು ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಬಿಲ್ಲಿನ ಪಕ್ಕದಲ್ಲಿ ಬರೆಯಿರಿ. ಕಂತು ಬಿಲ್ಲಿಗಿಂತ ತುಂಬಾ ಜಾಸ್ತಿ ಇದ್ದರೆ ಚಿಕ್ಕದು ಹಾಕಿಸಿ.

ಹೆಜ್ಜೆ 9: ಊರಾಗಿ ಕೇಳುವುದು

ಸೂರ್ಯಘರ್ ಅಡಿಯಲ್ಲಿ ಪ್ರತಿ ಜಿಲ್ಲೆಗೆ ಒಂದು ಮಾದರಿ ಸೌರ ಗ್ರಾಮಕ್ಕೆ 1 ಕೋಟಿ ರೂಪಾಯಿ ಇದೆ. ಹಾಗೆಯೇ ಒಂದೊಂದು ಮನೆ ಸೋಲಾರ್ ಹಾಕಿಸಿದಾಗಲೂ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಇದೆ. ಇದು ಎಷ್ಟೋ ಪಂಚಾಯಿತಿ ಸದಸ್ಯರಿಗೇ ಗೊತ್ತಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ಹತ್ತು ಮನೆಯವರು ಒಟ್ಟಾಗಿ ಒಬ್ಬನೇ ಮಾರಾಟಗಾರನ ಹತ್ತಿರ ದರ ಕೇಳಿದರೆ ಬೆಲೆ ಇಳಿಯುತ್ತದೆ, ರಿಪೇರಿಗೂ ಬೇಗ ಬರುತ್ತಾರೆ. ನಮ್ಮೂರಿನಲ್ಲಿ ಹಾಲಿನ ಡೇರಿ ಹತ್ತಿರ ಬೆಳಿಗ್ಗೆ ಆರಕ್ಕೆ ಎಲ್ಲರೂ ಸಿಗುತ್ತಾರೆ. ಅಲ್ಲೇ ಪಟ್ಟಿ ಬರೆದುಕೊಂಡೆವು.

ಹೆಜ್ಜೆ 10: ಕೆಲಸ ನಿಂತರೆ

ಅರ್ಜಿ ಕೊಟ್ಟ ದಿನವೇ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿ ಮಾತಿನ "ನಾಳೆ ಬನ್ನಿ"ಗೆ ದಾಖಲೆ ಇರುವುದಿಲ್ಲ. ವಿದ್ಯುತ್ ಕಂಪನಿಯ ಕಡೆಯಿಂದ ತಡವಾದರೆ ಮೊದಲು 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದುಕೊಳ್ಳಿ. ಆಮೇಲೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್‌ಗೆ ಲಿಖಿತ ಪತ್ರ. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಇದಕ್ಕೆ ವಕೀಲರು ಬೇಕಿಲ್ಲ, ತಾರೀಖಿನ ಪ್ರಕಾರ ಜೋಡಿಸಿದ ಕಾಗದ ಸಾಕು. ನಮ್ಮ ನೆಟ್ ಮೀಟರ್ ಬಂದಿದ್ದೂ ಅಂಥ ಒಂದೂವರೆ ಪುಟದ ಪತ್ರ ಬರೆದ ಮೇಲೆ. ಮಾರಾಟಗಾರನ ಮೇಲಿನ ದೂರನ್ನು ಸೂರ್ಯಘರ್ ಪೋರ್ಟಲ್‌ನಲ್ಲೇ ಹಾಕಬಹುದು.

ಎಲ್ಲ ಸರಿಹೋಗಿ ಮೀಟರ್ ಓಡಲು ಶುರುವಾದ ಮೇಲೂ ನೋಟ್ ಪುಸ್ತಕ ಮುಚ್ಚಬೇಡಿ. ಪ್ರತಿ ತಿಂಗಳ ಒಂದನೇ ತಾರೀಖು ಮೀಟರ್ ಮುಂದೆ ನಿಂತು ಎರಡು ಅಂಕಿ ಬರೆಯಿರಿ. ಒಂದು, ನೀವು ಲೈನಿನಿಂದ ತೆಗೆದುಕೊಂಡ ಯೂನಿಟ್. ಎರಡು, ನೀವು ಲೈನಿಗೆ ಕೊಟ್ಟ ಯೂನಿಟ್. ಬಿಲ್ ಬಂದಾಗ ಎರಡನ್ನೂ ಹೋಲಿಸಿ. ಬಿಸಿಲಿನ ಫೆಬ್ರವರಿಯಲ್ಲೂ ಕೊಟ್ಟ ಯೂನಿಟ್ ಸೊನ್ನೆ ಅಂತ ಬಿಲ್ಲಿನಲ್ಲಿ ಕಂಡರೆ, ಆ ಪುಸ್ತಕ ಹಿಡಿದು ಅವತ್ತೇ ಸೆಕ್ಷನ್ ಆಫೀಸಿಗೆ ಹೋಗಿ.